ಸ್ಟೀಲಿನೊಳಗೆ ನುಸುಳುವ ಜಲಜನಕ



ಈ ಸಲ ಹಾಡುಗಳ ಪಟ್ಟಿ, ಹುಟ್ಟುಹಬ್ಬದ ಶುಭಾಶಯ ಎಲ್ಲವನ್ನೂ ಹಿಂದಿನ ಪುಟಕ್ಕೆ ತಳ್ಳಿ, ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತಿದ್ದೇನೆ. ಜಲಜನಕದಿಂದ ಓಡುವ ಬಸ್ಸು, ರೈಲುಗಳ ಬಗ್ಗೆ ಒಂದು ಭಾನುವಾರ ನಮ್ಮ ಕನ್ನಡ ಸಮಯದಲ್ಲಿ ಮಾತಾಡಿದ್ದೆ. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 2023ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್‌ನವರ ಹೈಡ್ರೋಜನ್ ಬಸ್ಸುಗಳಿಗೆ ದೆಹಲಿಯಲ್ಲಿ ಹಸಿರು ಬಾವುಟ ಬೀಸಿದ್ದು, 2025ರ ಜುಲೈನಲ್ಲಿ ಚೆನ್ನೈನ ಐಸಿಎಫ್ ಕಾರ್ಖಾನೆಯಲ್ಲಿ ಹೈಡ್ರೋಜನ್ ರೈಲಿನ ಬೋಗಿಯನ್ನು ಪರೀಕ್ಷಿಸಿದ್ದು, ಎಲ್ಲವನ್ನೂ ಉತ್ಸಾಹದಿಂದ ಹೇಳುತ್ತಾ ಹೋದೆ. ಅದೇ ಉತ್ಸಾಹದಲ್ಲಿ ಬಾಯಿಂದ ಒಂದು ಮಾತು ಜಾರಿತು. 'ಹೆದರಬೇಡಿ, ಟ್ಯಾಂಕು ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನದು. ತುಕ್ಕೇ ಹಿಡಿಯದ ಲೋಹಕ್ಕೆ ಗಾಳಿಗಿಂತ ಹಗುರಾದ ಅನಿಲ ಏನು ಮಾಡೀತು?'

ಮುಂದಿನ ಹಾಡು ಮುಗಿಯುವ ಮೊದಲೇ ಡೊಂಬಿವಲಿಯಿಂದ ಫೋನು. 'ಮೇಡಮ್ಮಾರ, ಹಂಗ ಹೇಳಬ್ಯಾಡ್ರಿ. ಸ್ಟೇನ್‌ಲೆಸ್ ಅಂದ್ರ ಎಲ್ಲಾ ಒಂದ ಅಲ್ರೀ. ಮುರೀತೈತಿ ಅದು. ನಮ್ಮ ಕಣ್ಣ ಮುಂದ ಮುರದೈತಿ.'

ಫೋನು ಮಾಡಿದವರು ಇಂಡಿ ತಾಲ್ಲೂಕಿನವರು. ಹದಿನಾಲ್ಕು ವರ್ಷದಿಂದ ಇಲ್ಲಿನ ಒಂದು ಫ್ಯಾಬ್ರಿಕೇಷನ್ ಶಾಪಿನಲ್ಲಿ ಫಿಟ್ಟರ್. ಅವರು ಹೇಳಿದ್ದಿಷ್ಟು. ಒಂದು ಪ್ರೆಸ್ಸಿನ ಕ್ಲ್ಯಾಂಪಿಗೆ ಹೊಸ ಬೋಲ್ಟುಗಳು ಬಂದಿದ್ದವು. ಗಟ್ಟಿಯಾಗಲೆಂದು ಕಾಯಿಸಿ ಹದ ಕೊಟ್ಟ ಸ್ಟೇನ್‌ಲೆಸ್ ಬೋಲ್ಟುಗಳು. ಹದ ಕೊಟ್ಟಾಗ ಮೈಮೇಲೆ ಕರಿ ಪದರ ಕಟ್ಟಿತ್ತು. ಅದು ಹೋಗಿ ಹೊಳಪು ಬರಲೆಂದು ಆ್ಯಸಿಡ್ಡಿನಲ್ಲಿ ಅದ್ದಿ ತೊಳೆದಿದ್ದರು. ಶನಿವಾರ ಸಂಜೆ ಇವರೇ ಟಾರ್ಕ್ ರೆಂಚ್ ಹಿಡಿದು, ಎಷ್ಟು ಹೇಳಿತ್ತೋ ಅಷ್ಟೇ ಬಿಗಿದು ಮನೆಗೆ ಹೋದರು. ಸೋಮವಾರ ಬೆಳಿಗ್ಗೆ, ಯಂತ್ರಕ್ಕೆ ಇನ್ನೂ ಕರೆಂಟು ಕೊಟ್ಟಿಲ್ಲ, ಯಾರೂ ಮುಟ್ಟಿಲ್ಲ, 'ಟಪ್' ಅಂತ ಒಂದು ಬೋಲ್ಟಿನ ತಲೆ ಹಾರಿತು. ಪಕ್ಕದಲ್ಲಿ ಕಸ ಗುಡಿಸುತ್ತಿದ್ದ ಜೊತೆಗಾರನ ಎಡಗಣ್ಣಿನ ಕೆಳಗೆ ಬಡಿದು ಏಳು ಹೊಲಿಗೆ. ಕಣ್ಣು ಉಳಿಯಿತು.

ಮಾಲೀಕರು ರಿಜಿಸ್ಟರಿನಲ್ಲಿ ಬರೆದದ್ದು: 'ಫಿಟ್ಟರ್ ಅತಿಯಾಗಿ ಬಿಗಿದದ್ದರಿಂದ.' ನಮ್ಮ ಕೇಳುಗರ ಪಗಾರದಲ್ಲಿ ಆಸ್ಪತ್ರೆ ಖರ್ಚು ಕಡಿತ.

'ನಾ ಬಿಗಿ ಮಾಡಿದ್ದು ಜಾಸ್ತಿ ಆಗಿದ್ರ ಶನಿವಾರನ ಮುರೀಬೇಕಿತ್ತಲ್ರೀ? ಎರಡು ರಾತ್ರಿ ಸುಮ್ಮ ಕುಂತು ಸೋಮವಾರ ಯಾಕ ಮುರೀತು?' ಎಂದು ಅವರು ಕೇಳಿದರು.

ನಾನು ಓದಿದ್ದು ಕನ್ನಡ ಬಿ.ಎ. ಪಂಪ, ರನ್ನರ ಬಗ್ಗೆ ಕೇಳಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದೆ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. 'ಕೇಳಿ ತಿಳಿದು ಹೇಳುತ್ತೇನೆ' ಎಂದು ಮಾತು ಕೊಟ್ಟೆ. ಅದೃಷ್ಟಕ್ಕೆ ನಮ್ಮ ಕೇಳುಗರಲ್ಲೇ ಒಬ್ಬರು ಲೋಹಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟರು, ಮಗಳ ಮನೆ ಎಂದು ಮುಲುಂಡಿನಲ್ಲಿದ್ದಾರೆ. ಎರಡು ಶನಿವಾರ ಅವರ ಮನೆಯ ಚಹಾ ಕುಡಿದು, ತಲೆಗೆ ಹೋದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪುಗಳು. ಬಸ್ಸಿನ ಹೈಡ್ರೋಜನ್ ಟ್ಯಾಂಕು ಸ್ಟೇನ್‌ಲೆಸ್ ಸ್ಟೀಲಿನದೇ ಅಲ್ಲ. ಒಳಗೆ ಅಲ್ಯೂಮಿನಿಯಮ್ ಅಥವಾ ಪ್ಲಾಸ್ಟಿಕ್ಕಿನ ಅಸ್ತರಿ, ಹೊರಗೆ ಕಾರ್ಬನ್ ನಾರನ್ನು ನೂಲಿನ ಉಂಡೆಯಂತೆ ಸುತ್ತಿರುತ್ತಾರೆ. ಬಸ್ಸುಗಳಲ್ಲಿ ಸಾಮಾನ್ಯವಾಗಿ 350 ಬಾರ್, ಕಾರುಗಳಲ್ಲಿ 700 ಬಾರ್ ಒತ್ತಡ. ನಮ್ಮ ಕಾರಿನ ಟೈರಿನಲ್ಲಿರುವುದು ಎರಡೂವರೆ ಬಾರಿಗಿಂತ ಕಡಿಮೆ, ಲೆಕ್ಕ ಹಾಕಿಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲು ಬರುವುದು ಕೊಳವೆ, ಕವಾಟ, ಜೋಡಣೆಗಳಲ್ಲಿ. ಇನ್ನು ತುಕ್ಕು ಹಿಡಿಯದ್ದಕ್ಕೆ ಜಲಜನಕವೂ ಏನೂ ಮಾಡದು ಎಂದದ್ದು ಇನ್ನೂ ದೊಡ್ಡ ತಪ್ಪು. ಇವು ಎರಡೂ ಬೇರೆಬೇರೆ ರೋಗ.

ತುಕ್ಕು ಹೊರಗಿನಿಂದ ತಿನ್ನುತ್ತದೆ, ಕಣ್ಣಿಗೆ ಕಾಣುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ, ಹಾಲಿನ ಕೆನೆಯ ಹಾಗೆ, ಆದರೆ ಕಣ್ಣಿಗೆ ಕಾಣದಷ್ಟು ತೆಳುವು. ಗೀಚಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಜಲಜನಕವನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆದರೆ ಲೋಹವನ್ನು ಎಳೆದಾಗ, ಬಗ್ಗಿಸಿದಾಗ ಪೊರೆ ಹರಿಯುತ್ತದೆ. ಆಮ್ಲಜನಕವಿಲ್ಲದ, ಶುದ್ಧ ಹೈಡ್ರೋಜನ್ ತುಂಬಿದ ಕೊಳವೆಯೊಳಗೆ ಹರಿದ ಪೊರೆಗೆ ಹೊಲಿಗೆ ಹಾಕುವವರು ಯಾರು?

ಜಲಜನಕದ ಅಣುವಿನಲ್ಲಿ ಎರಡು ಪರಮಾಣು ಜೋಡಿಯಾಗಿರುತ್ತವೆ. ಆ ಜೋಡಿಯಾಗಿ ಅದು ಲೋಹದೊಳಗೆ ಹೋಗಲಾರದು. ಬರಿಯ ಲೋಹದ ಮೈ ಸಿಕ್ಕಾಗ ಜೋಡಿ ಬಿಡಿಯಾಗುತ್ತದೆ, ಒಂಟಿ ಪರಮಾಣು ಒಳಗೆ ನುಸುಳುತ್ತದೆ. ಆ್ಯಸಿಡ್ಡಿನಲ್ಲಿ ಅದ್ದಿದಾಗ, ಎಲೆಕ್ಟ್ರೋಪ್ಲೇಟಿಂಗ್ ಮಾಡುವಾಗ, ಒದ್ದೆ ರಾಡಿನಿಂದ ವೆಲ್ಡಿಂಗ್ ಮಾಡುವಾಗ ಇನ್ನೂ ಸುಲಭ. ಅಲ್ಲಿ ಜಲಜನಕ ಹುಟ್ಟುವುದೇ ಒಂಟಿಯಾಗಿ. ಹೆಚ್ಚಿನವು ಜೋಡಿ ಹುಡುಕಿಕೊಂಡು ಗುಳ್ಳೆಯಾಗಿ ಮೇಲೆ ಹೋಗುತ್ತವೆ, ಕೆಲವು ಹಾಗೇ ಲೋಹದೊಳಗೆ ಇಳಿದುಬಿಡುತ್ತವೆ. ಎಲ್ಲ ಮೂಲವಸ್ತುಗಳಲ್ಲೂ ಹಗುರವಾದದ್ದು ಇದು. ಕಬ್ಬಿಣದ ಪರಮಾಣುಗಳ ನಡುವಿನ ಸಂದಿಯಲ್ಲಿ ಓಡಾಡುವುದಕ್ಕೆ ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇದನ್ನು ಮೊದಲು ಚೆನ್ನಾಗಿ ಗಮನಿಸಿ ಬರೆದವರು ವಿಲಿಯಂ ಜಾನ್ಸನ್ ಎಂಬ ಆಂಗ್ಲರು. 1875ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಕಬ್ಬಿಣದ ತಂತಿಯನ್ನು ಸ್ವಲ್ಪ ಹೊತ್ತು ಆ್ಯಸಿಡ್ಡಿನಲ್ಲಿಟ್ಟು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಮುರಿದ ಜಾಗವನ್ನು ಒದ್ದೆ ಮಾಡಿದರೆ ಅದರಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಅದೇ ತಂತಿಯನ್ನು ಸುಮ್ಮನೆ ಕೆಲವು ದಿನ ಬಿಟ್ಟರೆ, ಇಲ್ಲವೇ ಬಿಸಿ ಮಾಡಿದರೆ, ಮತ್ತೆ ಮೊದಲಿನಂತೆ ಬಗ್ಗುತ್ತದೆ! ಲೋಹಕ್ಕೆ ಶಾಶ್ವತವಾಗಿ ಏನೂ ಆಗಿಲ್ಲ. ಒಳಗೆ ಯಾರೋ ಬಂದಿದ್ದರು, ಎದ್ದು ಹೋದರು, ಅಷ್ಟೇ. ಮೇಷ್ಟರು ಇದನ್ನು ಹೇಳಿದಾಗ ನನಗೆ ಕೂಡಲೇ ನೆನಪಾದದ್ದು ಡೊಂಬಿವಲಿಯ ಆ್ಯಸಿಡ್ ತೊಟ್ಟಿ.

ಹಾಗಾದರೆ ಒಳಗೆ ಹೋದ ಜಲಜನಕ ಲೋಹದ ಯಾವ ಗುಣವನ್ನು ಕೆಡಿಸುತ್ತದೆ? ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಾವು 'ಗಟ್ಟಿ' ಎಂಬ ಒಂದೇ ಪದದಲ್ಲಿ ನಾಲ್ಕಾರು ಗುಣಗಳನ್ನು ಸೇರಿಸಿಬಿಡುತ್ತೇವೆ. ಪ್ರಯೋಗಶಾಲೆಯಲ್ಲಿ ಒಂದು ಸರಳನ್ನು ಎರಡೂ ತುದಿ ಹಿಡಿದು ಎಳೆಯುತ್ತಾರೆ. ಎಷ್ಟು ಎಳೆದರೆ ಅದು ಶಾಶ್ವತವಾಗಿ ಹಿಗ್ಗಲು ಶುರು ಮಾಡುತ್ತದೆ, ಅದು ಒಂದು ಅಳತೆ. ಅತಿ ಹೆಚ್ಚೆಂದರೆ ಎಷ್ಟು ತಡೆಯುತ್ತದೆ, ಅದು ಇನ್ನೊಂದು. ತುಂಡಾಗುವ ಮೊದಲು ಎಷ್ಟು ಉದ್ದವಾಯಿತು, ಸೊಂಟ ಎಷ್ಟು ಸಣ್ಣದಾಯಿತು, ಅದು ಮೂರನೆಯದು. ಇದಕ್ಕೆ ಪಠ್ಯಪುಸ್ತಕದಲ್ಲಿ 'ತನ್ಯತೆ' ಎನ್ನುತ್ತಾರೆ. ಒಳ್ಳೆಯ ಸ್ಟೇನ್‌ಲೆಸ್ ಸರಳು ನಾದಿದ ಮೈದಾ ಹಿಟ್ಟಿನಂತೆ ನಡುವೆ ಸಣ್ಣಗಾಗಿ, ಕೊರಳು ತೆಗೆದು, ಆಮೇಲೆ ಹರಿಯುತ್ತದೆ.

ಜಲಜನಕ ಹೊಕ್ಕಾಗ ಮೊದಲ ಅಳತೆ ಹೆಚ್ಚು ಬದಲಾಗುವುದಿಲ್ಲ. ಎರಡನೆಯದು ಸ್ವಲ್ಪ ಇಳಿಯಬಹುದು. ಏಟು ಬೀಳುವುದು ಮೂರನೆಯದಕ್ಕೆ. ಕೆಲವು ಜಾತಿಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸೊಂಟ ಸಣ್ಣದಾಗುವ ಪ್ರಮಾಣ ಅರ್ಧಕ್ಕೂ ಕೆಳಗೆ ಬಿದ್ದದ್ದುಂಟು. ಬಾಗಿ ಹೇಳಿ ಮುರಿಯುವ ಲೋಹ ಹೇಳದೆ ಮುರಿಯತೊಡಗುತ್ತದೆ. ಇದಕ್ಕೆ ನಮ್ಮಲ್ಲಿ 'ಪೆಡಸು' ಎಂಬ ಚೆಂದದ ಪದವಿದೆ. ಪುಸ್ತಕದ 'ಭಿದುರತೆ'ಗಿಂತ ನನಗೆ ಅದೇ ಇಷ್ಟ. ಉಚ್ಚರಿಸುವಾಗಲೇ ಏನೋ ಮುರಿದ ಹಾಗಿರುತ್ತದೆ. ಜೊತೆಗೆ ಬಿರುಕು ತಡೆಯುವ ಶಕ್ತಿಯೂ ಇಳಿಯುತ್ತದೆ. ಪದೇಪದೇ ಒತ್ತಡ ಏರಿಳಿಯುವ ಕಡೆ, ಅಂದರೆ ತುಂಬಿಸಿ ಖಾಲಿ ಮಾಡುವ ಕೊಳವೆಗಳಲ್ಲಿ, ಒಂದು ಸಣ್ಣ ಬಿರುಕು ಬೆಳೆಯುವ ವೇಗ ಹತ್ತು ಪಟ್ಟಿನಷ್ಟಾಗಬಹುದು. ಅದಕ್ಕೇ ಇದು ಮೋಸದ ರೋಗ. ಸಾಮಾನ್ಯ ಪರೀಕ್ಷೆಯಲ್ಲಿ ಬಲ ಅಳೆದರೆ 'ಪಾಸ್' ಎಂದೇ ಬರುತ್ತದೆ.

ಇನ್ನೊಂದು ವಿಚಿತ್ರ. ಬೇರೆಲ್ಲ ಕಡೆ ಜೋರಾಗಿ, ಥಟ್ಟನೆ ಎಳೆದರೆ ಲೋಹ ಪೆಡಸಾಗಿ ಮುರಿಯುತ್ತದೆ. ಇಲ್ಲಿ ನಿಧಾನವಾಗಿ ಎಳೆದಷ್ಟೂ ಹಾನಿ ಜಾಸ್ತಿ. ಏಕೆಂದರೆ ಜಲಜನಕಕ್ಕೆ ನಡೆದುಹೋಗಲು ಸಮಯ ಬೇಕು. ಲೋಹದಲ್ಲಿ ಎಲ್ಲಿ ಸೆಳೆತ ಹೆಚ್ಚಿದೆಯೋ, ಬೋಲ್ಟಿನಲ್ಲಿ ತಲೆಯ ಬುಡ ಅಥವಾ ಮೊದಲ ಮರೆಯ ತಳ, ಅಲ್ಲಿ ಪರಮಾಣುಗಳ ನಡುವಿನ ಜಾಗ ಕೂದಲೆಳೆಯಷ್ಟು ಅಗಲವಾಗಿರುತ್ತದೆ. ಜಲಜನಕ ಅತ್ತ ಜಮಾಯಿಸುತ್ತದೆ. ಸಾಕಷ್ಟು ಜನ ಸೇರಿದ ಮೇಲೆ ಬಿರುಕು ಒಂದು ಹೆಜ್ಜೆ ಇಡುತ್ತದೆ. ಬಿರುಕಿನ ಹೊಸ ತುದಿಗೆ ಮತ್ತೆ ಜನ ಸೇರಬೇಕು. ಹೀಗೆ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ, ಶಾಪಿಗೆ ಬೀಗ ಹಾಕಿದ್ದಾಗಲೂ, ಒಳಗೆ ಕೆಲಸ ನಡೆದೇ ಇತ್ತು.

ಅಲ್ಲಿ ಸೇರಿದ ಜಲಜನಕ ನಿಖರವಾಗಿ ಏನು ಮಾಡುತ್ತದೆ ಎಂಬುದರ ಬಗ್ಗೆ ಜಾನ್ಸನ್ ಬರೆದು ನೂರೈವತ್ತು ವರ್ಷವಾದರೂ ವಿಜ್ಞಾನಿಗಳ ಜಗಳ ಮುಗಿದಿಲ್ಲ. ಪರಮಾಣುಗಳ ನಡುವಿನ ಅಂಟನ್ನೇ ಸಡಿಲಿಸುತ್ತದೆ ಎನ್ನುತ್ತದೆ ಒಂದು ಪಂಗಡ. ಇಲ್ಲ, ಲೋಹದೊಳಗಿನ ಜಾರುವಿಕೆಯನ್ನು ಒಂದೇ ಕಡೆ ಸುಲಭ ಮಾಡಿಕೊಡುತ್ತದೆ, ಹಾಗಾಗಿ ಇಡೀ ಮೈ ಹಿಗ್ಗುವ ಬದಲು ಒಂದೇ ಗೆರೆಯಲ್ಲಿ ಹರಿಯುತ್ತದೆ ಎನ್ನುತ್ತದೆ ಇನ್ನೊಂದು ಪಂಗಡ. ಎರಡೂ ಒಟ್ಟಿಗೆ ನಡೆಯುತ್ತವೆ ಎನ್ನುವವರೂ ಇದ್ದಾರೆ. ಮೇಷ್ಟರು ಮೂರನೆಯ ಪಂಗಡ.

ಈಗ ನಮ್ಮ ಫಿಟ್ಟರ್ ಅಣ್ಣ ಹೇಳಿದ ಮಾತಿಗೆ ಬರೋಣ, 'ಸ್ಟೇನ್‌ಲೆಸ್ ಅಂದ್ರ ಎಲ್ಲಾ ಒಂದ ಅಲ್ರೀ.' ನಿಜಕ್ಕೂ ಇಡೀ ವಿಷಯದ ಕೀಲಿಕೈ ಇದೇ.

ಸ್ಟೀಲಿನಲ್ಲಿ ಪರಮಾಣುಗಳು ಸಾಲಾಗಿ ಕುಳಿತುಕೊಳ್ಳುವ ರೀತಿ ಮುಖ್ಯವಾಗಿ ಎರಡು. ಮುಂಬೈಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ: ಒಂದು ಚಾಳು, ಇನ್ನೊಂದು ಫ್ಲ್ಯಾಟು. ಚಾಳಿನಲ್ಲಿ ಕೋಣೆ ಚಿಕ್ಕದು, ಆದರೆ ಬಾಗಿಲುಗಳೆಲ್ಲ ಸಾಮಾನ್ಯ ವರಾಂಡಕ್ಕೆ ತೆರೆದಿರುತ್ತವೆ. ಮಕ್ಕಳು ಈ ತುದಿಯಿಂದ ಆ ತುದಿಗೆ ಓಡುತ್ತಲೇ ಇರುತ್ತವೆ. ಫ್ಲ್ಯಾಟಿನಲ್ಲಿ ಕೋಣೆ ದೊಡ್ಡದು, ಬಾಗಿಲು ಮಾತ್ರ ಸದಾ ಬಿಗಿ. ಮೊದಲನೆಯ ಜೋಡಣೆಗೆ ಫೆರೈಟ್ ಎಂದು ಹೆಸರು. ಮಾಮೂಲಿ ಕಬ್ಬಿಣ ಈ ಗುಂಪು. ಎರಡನೆಯದು ಆಸ್ಟೆನೈಟ್, ನಿಕ್ಕಲ್ ಸೇರಿಸಿದ ಸ್ಟೇನ್‌ಲೆಸ್ ಸ್ಟೀಲುಗಳು ಈ ಗುಂಪು. ಆಸ್ಟೆನೈಟಿನಲ್ಲಿ ಜಲಜನಕ ಹೆಚ್ಚು ಹಿಡಿಸುತ್ತದೆ, ಆದರೆ ಅಲ್ಲಾಡಲಾರದು. ವ್ಯತ್ಯಾಸ ಎಷ್ಟೆಂದು ಕೇಳಿದಾಗ ಮೇಷ್ಟರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಸಾಮಾನ್ಯ ಉಷ್ಣತೆಯಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದೂರ ಹೋಗಲು ಜಲಜನಕಕ್ಕೆ ಶುದ್ಧ ಕಬ್ಬಿಣದಲ್ಲಿ ಸುಮಾರು ಒಂದು ಸೆಕೆಂಡು ಸಾಕು. ಅಷ್ಟೇ ದೂರಕ್ಕೆ ಆಸ್ಟೆನೈಟಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬೇಕು!

ಅದಕ್ಕೇ ಆಸ್ಟೆನೈಟ್ ಜಾತಿಯವು ಜಲಜನಕಕ್ಕೆ ಚೆನ್ನಾಗಿ ತಡೆಯುತ್ತವೆ. ಇದರಲ್ಲಿ ನಾವೆಲ್ಲ ಕೇಳಿರುವ ಎರಡು ಹೆಸರು 304 ಮತ್ತು 316. 304ರಲ್ಲಿ ಶೇ 18ರ ಸುತ್ತ ಕ್ರೋಮಿಯಂ, ಶೇ 8ರಿಂದ 10ರಷ್ಟು ನಿಕ್ಕಲ್. 316ರಲ್ಲಿ ನಿಕ್ಕಲ್ ಶೇ 10ರಿಂದ 14, ಜೊತೆಗೆ ಶೇ 2ರಿಂದ 3 ಮಾಲಿಬ್ಡಿನಮ್. ಮೇಲ್ನೋಟಕ್ಕೆ ಅಣ್ಣತಮ್ಮಂದಿರು. ಜಲಜನಕದ ಮುಂದೆ ನಿಂತಾಗ ಮಾತ್ರ ಇಬ್ಬರ ದಾರಿ ಬೇರೆ.

ಕಾರಣ ನೋಡಬೇಕೆಂದರೆ ಫ್ರಿಜ್ಜಿನ ಮೇಲಿನ ಅಯಸ್ಕಾಂತ ತೆಗೆದುಕೊಂಡು ಅಡುಗೆಮನೆಗೆ ಹೋಗಿ. ನಾನೂ ಹೋಗಿದ್ದೆ. ಅಮ್ಮ ಊರಿಂದ ಕಳಿಸಿದ, ಹೆಸರು ಕೊರೆಸಿದ ಹಳೆಯ ಸ್ಟೀಲ್ ಡಬ್ಬಿಯ ಚಪ್ಪಟೆ ತಳಕ್ಕೆ ಹಿಡಿದರೆ ಅಯಸ್ಕಾಂತ ಅಂಟಲಿಲ್ಲ. ಅದೇ ಡಬ್ಬಿಯ ತಿರುವಿನಲ್ಲಿ, ಅಂಚು ಮಡಿಸಿದ ಕಡೆ ಹಿಡಿದರೆ ಮೆಲ್ಲಗೆ ಎಳೆದಂತಾಯಿತು. ಒಂದೇ ತಗಡು, ಎರಡು ನಡತೆ! ಆಸ್ಟೆನೈಟನ್ನು ಅಯಸ್ಕಾಂತ ಎಳೆಯುವುದಿಲ್ಲ. ಆದರೆ 304ರಂಥ ಸ್ಟೀಲನ್ನು ಬಲವಾಗಿ ಬಗ್ಗಿಸಿ, ಎಳೆದು ಆಕಾರ ಕೊಟ್ಟರೆ ಅಲ್ಲಲ್ಲಿ ಪರಮಾಣುಗಳ ಜೋಡಣೆ ಬದಲಾಗಿ ಮಾರ್ಟೆನ್ಸೈಟ್ ಎಂಬ ಗಡಸು ರೂಪ ಹುಟ್ಟುತ್ತದೆ. ಅದನ್ನು ಅಯಸ್ಕಾಂತ ಎಳೆಯುತ್ತದೆ. ಅದು ಚಾಳಿನ ಬಂಧು. ಅದರೊಳಗೆ ಜಲಜನಕ ಓಡುತ್ತದೆ. ಅಂದರೆ ಫ್ಲ್ಯಾಟುಗಳ ನಡುವೆ ಅಲ್ಲೊಂದು ಇಲ್ಲೊಂದು ವರಾಂಡ ತೆರೆದ ಹಾಗೆ. ಬಿರುಕಿನ ತುದಿಯಲ್ಲಿ ಲೋಹ ಹಿಗ್ಗುವುದರಿಂದ ಈ ಬದಲಾವಣೆ ಸರಿಯಾಗಿ ಅಲ್ಲೇ ಆಗುತ್ತದೆ, ಕಳ್ಳನಿಗೆ ಮನೆಯವರೇ ಬಾಗಿಲು ತೆಗೆದಂತೆ. ನಿಕ್ಕಲ್ ಹೆಚ್ಚಿದ್ದಷ್ಟೂ ಆಸ್ಟೆನೈಟ್ ತನ್ನ ರೂಪ ಬಿಡುವುದಿಲ್ಲ. 316 ಗೆಲ್ಲುವುದು ಇಲ್ಲಿ.

(ಗಾಬರಿ ಬೇಡ, ಅಡುಗೆಮನೆಯ ಪಾತ್ರೆಗೆ ಇದರಿಂದ ಏನೂ ಆಗುವುದಿಲ್ಲ. ಹುಣಸೆಹುಳಿ ಸಾರು ಕುದಿಸಿದರೆ ಪಾತ್ರೆ ಮುರಿಯುತ್ತದೆಯೇ ಎಂದು ದಯವಿಟ್ಟು ಫೋನು ಮಾಡಬೇಡಿ. ಇನ್ನು ತಳಕ್ಕೂ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು ನಿಕ್ಕಲ್ಲಿಲ್ಲದ ಜಾತಿ, ಇಲ್ಲವೇ ಇಂಡಕ್ಷನ್ ಒಲೆಗೆಂದು ಬೇರೆ ತಳ ಅಂಟಿಸಿದ ಪಾತ್ರೆ. ನಮ್ಮ ದೇಶದಲ್ಲಿ ನಿಕ್ಕಲ್ ದುಬಾರಿಯೆಂದು ಅದರ ಬದಲು ಮ್ಯಾಂಗನೀಸ್ ಹಾಕಿ ಮಾಡಿದ ಪಾತ್ರೆಗಳೂ ಬಹಳ. ಅವುಗಳಲ್ಲಿ ಕೆಲವದರಲ್ಲಿ ನಿಕ್ಕಲ್ ಶೇ 1ರ ಆಸುಪಾಸು. ಅವಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಆದ್ದರಿಂದ ಅಂಗಡಿಯವನು ಅಯಸ್ಕಾಂತ ಹಿಡಿದು 'ನೋಡಿ, ಅಸಲಿ 304' ಎಂದರೆ ನಂಬಬೇಡಿ.)

ಚಳಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತಂಪಾದಷ್ಟೂ ಈ ರೂಪಾಂತರ ಸುಲಭ. ಆದರೆ ತೀರಾ ತಂಪಾದರೆ ಜಲಜನಕವೇ ಮರಗಟ್ಟಿ ನಿಲ್ಲುತ್ತದೆ. ಹೀಗಾಗಿ 304ರಂಥ ಸ್ಟೀಲಿಗೆ ಅತಿ ಕೆಟ್ಟ ಜಾಗ ನಡುವೆ ಎಲ್ಲೋ ಇದೆ, ಸೊನ್ನೆಗಿಂತ ಐವತ್ತರಿಂದ ಎಪ್ಪತ್ತು ಡಿಗ್ರಿ ಕೆಳಗಿನ ಆಸುಪಾಸಿನಲ್ಲಿ. ವಾಹನಕ್ಕೆ ಬೇಗ ಅನಿಲ ತುಂಬಲು ಅದನ್ನು ಸೊನ್ನೆಗಿಂತ ಸುಮಾರು ನಲವತ್ತು ಡಿಗ್ರಿ ಕೆಳಗೆ ತಣಿಸಿ ಕೊಡುತ್ತಾರೆ, ಅಂದರೆ ಅಪಾಯದ ವಲಯದ ಹೊಸ್ತಿಲಲ್ಲೇ. ಜಪಾನಿನವರು ಇದಕ್ಕೆಂದೇ ಕೊಳವೆಗೆ ಬಳಸುವ 316ಕ್ಕೆ ಒಂದು ಅಂಕಿ ಕಟ್ಟಿದ್ದಾರೆ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಮ್, ಮ್ಯಾಂಗನೀಸ್ ಎಲ್ಲವನ್ನೂ ತೂಗಿ ಲೆಕ್ಕ ಹಾಕಿದ 'ನಿಕ್ಕಲ್ ಸಮಾನಾಂಕ' 28.5 ದಾಟಬೇಕು ಎಂದು. ಬರೀ '316' ಎಂದು ಮೈಮೇಲೆ ಅಚ್ಚೊತ್ತಿದ್ದರೆ ಅವರಿಗೆ ಸಾಲದು. ಇತ್ತ ನಮ್ಮ ಇಸ್ರೊದ ಮಹೇಂದ್ರಗಿರಿಯಲ್ಲಿ ಕ್ರಯೋಜೆನಿಕ್ ಎಂಜಿನ್ನುಗಳಿಗೆ ಬಳಸುವ ದ್ರವ ಜಲಜನಕ ಸೊನ್ನೆಗಿಂತ 253 ಡಿಗ್ರಿ ಕೆಳಗಿನದು. ಅಷ್ಟು ಚಳಿಯಲ್ಲಿ ಜಲಜನಕ ಲೋಹದೊಳಗೆ ಓಡಾಡುವ ಭಯ ಕಡಿಮೆ. ಅಲ್ಲಿ ಬೇಕಾದದ್ದು ಚಳಿಗೇ ಪೆಡಸಾಗದ ಲೋಹ, ಅದಕ್ಕೂ ಆಸ್ಟೆನೈಟ್ ಜಾತಿಯೇ ಸೈ.

ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಹದ ಕೊಟ್ಟು ಗಡಸು ಮಾಡಿದ ಸ್ಟೇನ್‌ಲೆಸ್ ಜಾತಿಗಳಲ್ಲಿ. 410 ಎಂಬುದು ಅಂಥದೊಂದು, 17-4 ಎಂಬುದು ಇನ್ನೊಂದು. 17-4ರ ಕತೆ ಕೇಳಿ. ಅದನ್ನು 482 ಡಿಗ್ರಿಯಲ್ಲಿ ಕಾಯಿಸಿ ಹದ ಮಾಡಿದರೆ ಬಲ ಕನಿಷ್ಠ 1310 ಮೆಗಾಪಾಸ್ಕಲ್. 621 ಡಿಗ್ರಿಯಲ್ಲಿ ಮಾಡಿದರೆ 930. ಕಾಗದದ ಮೇಲೆ ಮೊದಲನೆಯದೇ ಶೂರ, ಜಲಜನಕ ಬಂದರೆ ಮೊದಲು ಬೀಳುವವನೂ ಅವನೇ. ಗಡಸು ಹೆಚ್ಚಿದಷ್ಟೂ ಪೆಡಸಿನ ಅಪಾಯ ಹೆಚ್ಚು. ಬೋಲ್ಟಿನ ಕಸುಬಿನವರು ರಾಕ್‌ವೆಲ್ ಸಿ ಮಾಪಕದಲ್ಲಿ 39 ಎಂಬ ಗೆರೆ ಇಟ್ಟುಕೊಂಡಿರುತ್ತಾರೆ. ಅದರ ಮೇಲೆ ಹೋದರೆ ಆ್ಯಸಿಡ್ಡು, ಪ್ಲೇಟಿಂಗಿನ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು.

ಇದು ಸಣ್ಣ ಶಾಪಿನ ಅಜಾಗರೂಕತೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲೆಂಡ್ ನಡುವಿನ ಹೊಸ ಸೇತುವೆಯಲ್ಲಿ 2013ರ ಮಾರ್ಚಿನಲ್ಲಿ ಇದೇ ನಡೆಯಿತು. ಅವು ಸ್ಟೇನ್‌ಲೆಸ್ ಅಲ್ಲ, ಸತುವಿನ ಲೇಪ ಕೊಟ್ಟ ಗಡಸು ಸ್ಟೀಲಿನ ಸರಳುಗಳು, ಮೂರು ಇಂಚು ದಪ್ಪ. ಬಿಗಿದ ಎರಡು ವಾರದೊಳಗೆ 96ರಲ್ಲಿ 32 ಮುರಿದವು. ಐದು ವರ್ಷ ಕೆಳಗಿನ ತೂತುಗಳಲ್ಲಿ ನೀರು ನಿಂತಿತ್ತು. ಇನ್ನು ಸಮುದ್ರದ ತಳದಲ್ಲಿ ಸ್ಟೇನ್‌ಲೆಸ್ಸಿನದೇ ಉದಾಹರಣೆ ಇದೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಪಶ್ಚಿಮಕ್ಕಿರುವ ಫೊಯ್ನಾವೆನ್ ತೈಲಕ್ಷೇತ್ರದಲ್ಲಿ 1990ರ ದಶಕದಲ್ಲಿ ಡ್ಯೂಪ್ಲೆಕ್ಸ್ ಸ್ಟೇನ್‌ಲೆಸ್ ಸ್ಟೀಲಿನ ಬಿಡಿಭಾಗಗಳು ಬಿರುಕುಬಿಟ್ಟವು. ಡ್ಯೂಪ್ಲೆಕ್ಸ್ ಎಂದರೆ ಅರ್ಧ ಚಾಳು, ಅರ್ಧ ಫ್ಲ್ಯಾಟು. ತಮಾಷೆ ಎಂದರೆ ಜಲಜನಕ ಬಂದದ್ದು ತುಕ್ಕಿನಿಂದ ಕಾಪಾಡುವ ಏರ್ಪಾಡಿನಿಂದಲೇ. ಸಮುದ್ರದಲ್ಲಿ ಉಕ್ಕಿನ ರಚನೆಗಳು ಸವೆಯದಿರಲೆಂದು ಅಲ್ಯೂಮಿನಿಯಮ್ ತುಂಡುಗಳನ್ನು ಜೋಡಿಸಿ ಅವು ಬದಲಿಗೆ ಸವೆಯುವಂತೆ ಮಾಡುತ್ತಾರೆ. ಆಗ ಉಕ್ಕಿನ ಮೈಮೇಲೆ ಜಲಜನಕ ಹುಟ್ಟುತ್ತದೆ. ನಾರ್ವೆಯ ಡಿಎನ್‌ವಿ ಸಂಸ್ಥೆ 2008ರಲ್ಲಿ ಇದಕ್ಕೆಂದೇ ವಿನ್ಯಾಸದ ನಿಯಮಗಳನ್ನು ಹೊರತಂದಿತು.

ಮತ್ತೆ ಡೊಂಬಿವಲಿಗೆ. ಮುರಿದ ಬೋಲ್ಟನ್ನು ನಮ್ಮ ಕೇಳುಗರು ಎಸೆದಿರಲಿಲ್ಲ, ಊಟದ ಡಬ್ಬಿಯ ಚೀಲದಲ್ಲಿ ಸುತ್ತಿಟ್ಟಿದ್ದರು. ಮುಲುಂಡಿನ ಮೇಷ್ಟರ ಮುಂದೆ ತಂದಿಟ್ಟಾಗ ಅವರು ಮೊದಲು ನೋಡಿದ್ದು ಅದರ ಸೊಂಟ. ಅತಿಯಾಗಿ ಬಿಗಿದು ಮುರಿದ ಬೋಲ್ಟು ಹಿಗ್ಗಿರಬೇಕು, ಮರೆಗಳ ನಡುವಿನ ಅಂತರ ಹೆಚ್ಚಾಗಿರಬೇಕು, ಕೊರಳು ತೆಗೆದಿರಬೇಕು, ಮುರಿದ ಮೈ ಮಂಕಾಗಿ ನಾರುನಾರಾಗಿರಬೇಕು. ಇದರಲ್ಲಿ ಅದೊಂದೂ ಇಲ್ಲ. ಮುರಿದ ಮೈ ಚಪ್ಪಟೆ, ಕಲ್ಲುಸಕ್ಕರೆ ಒಡೆದ ಹಾಗೆ ಮಿಣಮಿಣ ಹರಳು. ಅಯಸ್ಕಾಂತ ಟಪ್ಪನೆ ಅಂಟಿತು. 'ಗ್ಯಾರಂಟಿ ಹೇಳಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಬೇಕು. ಆದರೆ ಅದಕ್ಕೂ ಅಗ್ಗದ ಪರೀಕ್ಷೆ ಒಂದಿದೆ' ಎಂದರು ಮೇಷ್ಟರು.

ಅದೇ ಲಾಟಿನಲ್ಲಿ ಉಪಯೋಗಿಸದ ಬೋಲ್ಟುಗಳು ಉಳಿದಿದ್ದವು. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಒಪ್ಪಿದರು. ಐದು ಬೋಲ್ಟುಗಳನ್ನು ಹಾಗೇ, ಇನ್ನು ಐದನ್ನು ಶಾಪಿನ ಒಲೆಯಲ್ಲಿ 200 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಬೇಯಿಸಿ, ಎಲ್ಲವನ್ನೂ ದಪ್ಪ ಪ್ಲೇಟಿಗೆ ಒಂದೇ ಅಳತೆಯಲ್ಲಿ ಬಿಗಿದರು. ತಲೆಯ ಕೆಳಗೆ ಓರೆ ವಾಷರ್. ಮೇಲೆ ಕಬ್ಬಿಣದ ಪೆಟ್ಟಿಗೆ ಮುಚ್ಚಿ, ಹತ್ತಿರ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿದರು. ಬೇಯಿಸುವುದು ಏಕೆಂದರೆ, ಬಿಸಿಯಲ್ಲಿ ಜಲಜನಕ ಚುರುಕಾಗಿ ಹೊರಗೆ ನಡೆದುಬಿಡುತ್ತದೆ, ಜಾನ್ಸನ್ನರ ತಂತಿಯಲ್ಲಿ ಆದ ಹಾಗೆ. ಪ್ಲೇಟಿಂಗ್ ಅಥವಾ ಆ್ಯಸಿಡ್ ತೊಳೆತ ಆದ ಕೆಲವೇ ಗಂಟೆಯೊಳಗೆ, ಬಿಗಿಯುವುದಕ್ಕಿಂತ ಮೊದಲೇ, 190ರಿಂದ 220 ಡಿಗ್ರಿಯಲ್ಲಿ ಬೇಯಿಸಬೇಕೆಂಬುದು ಕಸುಬಿನ ಹಳೆಯ ನಿಯಮ. ಒಮ್ಮೆ ಬಿರುಕು ಹುಟ್ಟಿದ ಮೇಲೆ ಬೇಯಿಸಿ ಪ್ರಯೋಜನವಿಲ್ಲ. ಜಲಜನಕ ಹೋದೀತು, ಬಿರುಕು ಹೋಗದು. ಆ್ಯಸಿಡ್ಡನ್ನೇ ಬಿಟ್ಟು ಮರಳು ಸಿಡಿಸಿ ಕರಿ ತೆಗೆದರೆ ಇನ್ನೂ ಕ್ಷೇಮ.

ಎರಡನೇ ರಾತ್ರಿ ಪೆಟ್ಟಿಗೆಯೊಳಗೆ ಒಂದು ಸದ್ದು. ನಾಲ್ಕನೇ ದಿನ ಇನ್ನೊಂದು. ಎರಡೂ ಬೇಯಿಸದ ಐದರಲ್ಲಿನವು. ಬೇಯಿಸಿದ ಐದೂ ಎರಡು ವಾರ ಅಲುಗದೆ ಕುಳಿತಿದ್ದವು.

ಪ್ರೆಸ್ಸಿನಲ್ಲಿದ್ದ ಉಳಿದ ಬೋಲ್ಟುಗಳನ್ನೆಲ್ಲ ಅದೇ ಸಂಜೆ ಬಿಚ್ಚಿ ತೆಗೆದರು. ಆ್ಯಸಿಡ್ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಈಗ ಒಂದು ಬೋರ್ಡಿದೆಯಂತೆ, ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ: ಹದ ಕೊಟ್ಟ ಮಾಲು ಇಲ್ಲಿ ಅದ್ದಬಾರದು. ಕನ್ನಡದ ಸಾಲು ಬರೆದವರು ನಮ್ಮ ಫಿಟ್ಟರ್ ಅಣ್ಣನೇ. ಕಡಿತವಾಗಿದ್ದ ಹಣ ಮುಂದಿನ ತಿಂಗಳ ಪಗಾರದಲ್ಲಿ ಮಾತಿಲ್ಲದೆ ವಾಪಸ್ ಬಂತು. ರಿಜಿಸ್ಟರಿನಲ್ಲಿ ಬರೆದದ್ದು ಮಾತ್ರ ಹಾಗೇ ಇದೆ. ಅದನ್ನೂ ತಿದ್ದಿಸಬೇಕೆಂದು ಅವರ ಹಟ, ಮೇಷ್ಟರು ಎರಡು ಪುಟದ ಕಾಗದ ಬರೆದುಕೊಟ್ಟಿದ್ದಾರೆ.